ಔಷಧಿ ಚೀಟಿಯ ಹಿಂದಿನ ಮಧ್ಯವರ್ತಿ



ಮಗಳ ಬಾಣಂತನಕ್ಕೋ ಮಗನ ಹೊಸ ಮನೆ ನೋಡುವುದಕ್ಕೋ ಅಮೆರಿಕಕ್ಕೆ ಹೊರಟ ಹಿರಿಯರ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳದ ಕಟ್ಟುಗಳ ಪಕ್ಕದಲ್ಲಿ ಒಂದು ದೊಡ್ಡ ಪೊಟ್ಟಣ ಇದ್ದೇ ಇರುತ್ತದೆ. ಅದರಲ್ಲಿ ಆರು ತಿಂಗಳಿಗೆ ಸಾಕಾಗುವಷ್ಟು ಮಾತ್ರೆ. ರಕ್ತದೊತ್ತಡದ್ದು, ಸಕ್ಕರೆ ಕಾಯಿಲೆಯದ್ದು, ಮಂಡಿನೋವಿನದ್ದು. ಮೇಲೆ ಡಾಕ್ಟರು ಬರೆದ ಚೀಟಿ. "ಅಪ್ಪಾ, ಇಲ್ಲಿ ಔಷಧಿ ಕೊಳ್ಳುವುದು ಕಷ್ಟ, ಅಲ್ಲಿಂದಲೇ ತಗೊಂಡು ಬನ್ನಿ" ಎಂದು ಮಗ ಫೋನಿನಲ್ಲಿ ನಾಲ್ಕು ಸಲ ಹೇಳಿರುತ್ತಾನೆ.

ಇದರಲ್ಲಿ ಒಂದು ಸೋಜಿಗವಿದೆ. ತೆಲಂಗಾಣದ ಪಟಾನ್‌ಚೆರು ಕಡೆಯ ಕಾರ್ಖಾನೆಗಳಿಂದಲೂ ಗೋವೆಯ ವೆರ್ಣಾ ಕಡೆಯ ಕಾರ್ಖಾನೆಗಳಿಂದಲೂ ಅದೇ ಬಗೆಯ ಮಾತ್ರೆಗಳು ಡಬ್ಬಿ ಡಬ್ಬಿಯಾಗಿ ಅಮೆರಿಕಕ್ಕೆ ಹೋಗುತ್ತವೆ. ಈ ಮಾತುಗಳನ್ನು ಕೇಳುತ್ತಿರುವ ಕೆಲವರ ಮನೆಯ ಮಕ್ಕಳು ಅಲ್ಲಿಯೇ ಪಾಳಿಯ ಮೇಲೆ ದುಡಿಯುತ್ತಿರಬಹುದು. ನಮ್ಮ ನೆಲದಿಂದ ಹೋದ ಮಾತ್ರೆಯನ್ನು ಆ ನಾಡಿನಲ್ಲಿ ಕೊಳ್ಳಲು ನಮ್ಮ ಮಕ್ಕಳೇ ಯಾಕೆ ಹೆದರಬೇಕು? ಮಾತ್ರೆ ಮಾಡುವವನಿಗೂ ನುಂಗುವವನಿಗೂ ನಡುವೆ ಅಲ್ಲಿ ಯಾರು ನಿಂತಿದ್ದಾರೆ? ಇವತ್ತಿನ ಮಾತು ಆ ನಡುವಿನವನ ಚರಿತ್ರೆ. ಅಮೆರಿಕದಲ್ಲಿ ಅವನಿಗೆ ಫಾರ್ಮಸಿ ಬೆನಿಫಿಟ್ ಮ್ಯಾನೇಜರ್ ಎಂದು ಹೆಸರು, ಚಿಕ್ಕದಾಗಿ ಪಿ.ಬಿ.ಎಂ. ಎನ್ನುತ್ತಾರೆ. ನಾವು ಔಷಧಿ ಮಧ್ಯವರ್ತಿ ಎನ್ನೋಣ.

ಗಡಿನಾಡಿನವರಿಗೆ ಮಧ್ಯವರ್ತಿ ಹೊಸಬನಲ್ಲ. ತಾಲ್ಲೂಕು ಕಚೇರಿಯ ಕಾಗದ ಒಂದು ಭಾಷೆಯಲ್ಲಿ, ನಮ್ಮ ಮನೆಮಾತು ಇನ್ನೊಂದು ಭಾಷೆಯಲ್ಲಿ. ಕಚೇರಿಯ ಮುಂದೆ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವವನೊಬ್ಬ ಇರುತ್ತಾನೆ. ಅವನಿಲ್ಲದೆ ಕೆಲಸ ಸಾಗದು. ಹತ್ತೋ ಇಪ್ಪತ್ತೋ ಕೊಟ್ಟರೆ ಅರ್ಜಿ ಬರೆದುಕೊಡುತ್ತಾನೆ, ಯಾವ ಕಿಟಕಿಗೆ ಹೋಗಬೇಕೆಂದು ಹೇಳುತ್ತಾನೆ. ಅಲ್ಲಿಯತನಕ ಅವನು ನಮ್ಮವನು. ಆದರೆ ಒಳಗಿನ ಗುಮಾಸ್ತನಿಂದಲೂ ಅವನಿಗೆ ಪಾಲು ಬರತೊಡಗಿದರೆ? ಆಗ ಅವನು ಯಾರ ಕಡೆಯವನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ಮೊದಲು ಅಮೆರಿಕದ ವಿಮೆಯ ಬುಡ ಎಲ್ಲಿದೆ ಎಂದು ನೋಡೋಣ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ, ಬೆಲೆಯೇರಿಕೆ ತಡೆಯಲು ಅಲ್ಲಿನ ಸರಕಾರ ಕೂಲಿ ಸಂಬಳಗಳನ್ನು ಏರಿಸದಂತೆ ಕಟ್ಟು ಹಾಕಿತು. ಗಂಡಸರು ಸೈನ್ಯಕ್ಕೆ ಹೋಗಿದ್ದರು, ಕಾರ್ಖಾನೆಗಳಿಗೆ ಆಳು ಸಾಲದು. ಸಂಬಳ ಏರಿಸುವಂತಿಲ್ಲ. ಆದರೆ ಆಸ್ಪತ್ರೆ ವಿಮೆಯ ಕಂತನ್ನು ಮಾಲೀಕ ಕಟ್ಟಿದರೆ ಅದು ಸಂಬಳದ ಲೆಕ್ಕಕ್ಕೆ ಬರುವುದಿಲ್ಲ ಎಂದಾಯಿತು. ಆಮೇಲೆ ಅದಕ್ಕೆ ತೆರಿಗೆಯ ವಿನಾಯಿತಿಯೂ ಸಿಕ್ಕಿತು. ಹೀಗೆ ಆ ನಾಡಿನಲ್ಲಿ ಆರೋಗ್ಯ ವಿಮೆ ಎನ್ನುವುದು ನೌಕರಿಗೆ ಅಂಟಿಕೊಂಡು ಬೆಳೆಯಿತು. ನೌಕರಿ ಹೋದರೆ ವಿಮೆಯೂ ಹೋಯಿತು. ಇವತ್ತಿಗೂ ಬಹುಮಟ್ಟಿಗೆ ಹಾಗೆಯೇ ಇದೆ.

ಆ ವಿಮೆ ಆಸ್ಪತ್ರೆಗೆ, ಶಸ್ತ್ರಚಿಕಿತ್ಸೆಗೆ. ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗೆ ಅದರಲ್ಲಿ ಹೆಚ್ಚಿನ ಜಾಗವಿರಲಿಲ್ಲ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮುದುಕರಿಗಾಗಿ ಮೆಡಿಕೇರ್ ಎಂಬ ಸರಕಾರಿ ವಿಮೆಗೆ ಸಹಿ ಹಾಕಿದಾಗಲೂ ಮನೆಯಲ್ಲಿ ತೆಗೆದುಕೊಳ್ಳುವ ಔಷಧಿ ಅದರೊಳಗೆ ಸೇರಲಿಲ್ಲ. ಅದು ಸೇರಲು 2006ರವರೆಗೆ, ಅಂದರೆ ನಾಲ್ಕು ದಶಕ ಕಾಯಬೇಕಾಯಿತು.

ಔಷಧಿಗೂ ಮುಂಗಡ ಕಂತು ಕಟ್ಟುವ ಪದ್ಧತಿ ಮೊದಲು ಮೊಳೆತದ್ದು ಪಕ್ಕದ ಕೆನಡಾದಲ್ಲಿ, ಒಂಟೇರಿಯೊ ಪ್ರಾಂತದ ವಿಂಡ್ಸರ್ ಎಂಬ ಊರಿನಲ್ಲಿ. ಅದೂ ಒಂದು ಗಡಿ ಊರೇ. ನದಿಯ ಈಚೆ ವಿಂಡ್ಸರ್, ಆಚೆ ಅಮೆರಿಕದ ಡೆಟ್ರಾಯಿಟ್. ಎರಡೂ ಕಡೆ ಕಾರು ಕಾರ್ಖಾನೆಗಳು. 1957ರಲ್ಲಿ ವಿಂಡ್ಸರ್‌ನ ಕೆಲವು ಔಷಧಿ ಅಂಗಡಿಯವರು ಸೇರಿ ಗ್ರೀನ್ ಶೀಲ್ಡ್ ಎಂಬ ಲಾಭರಹಿತ ಯೋಜನೆ ಕಟ್ಟಿದರು. ಮಗುವಿಗೆ ಬೇಕಾದ ಔಷಧಿಗೆ ದುಡ್ಡು ಸಾಲದೆ ತಾಯಿಯೊಬ್ಬಳು ಬರಿಗೈಯಲ್ಲಿ ಅಂಗಡಿಯಿಂದ ಇಳಿದು ಹೋದದ್ದನ್ನು ನೋಡಿದ ಅಂಗಡಿಯವನ ಮನಸ್ಸಿನಲ್ಲಿ ಈ ಯೋಚನೆ ಹುಟ್ಟಿತೆಂದು ಆ ಸಂಸ್ಥೆ ತನ್ನ ಕತೆ ಹೇಳಿಕೊಳ್ಳುತ್ತದೆ. ಈ ಚರಿತ್ರೆಯ ಮೊದಲ ಪುಟದಲ್ಲಿರುವುದು ಕರುಣೆ. ಇದನ್ನು ಮರೆಯಬಾರದು.

ನದಿಯ ಆಚೆ ಅಮೆರಿಕದಲ್ಲಿ ಕಾರು ಕಾರ್ಮಿಕರ ದೊಡ್ಡ ಸಂಘ 1967ರ ಒಪ್ಪಂದದಲ್ಲಿ ಔಷಧಿ ಸೌಲಭ್ಯವನ್ನೂ ಗೆದ್ದುಕೊಂಡಿತು. 1969ರಿಂದ ಕಾರ್ಮಿಕ ಅಂಗಡಿಗೆ ಹೋಗಿ ಚೀಟಿಯೊಂದಕ್ಕೆ 2 ಡಾಲರ್ ಕೊಟ್ಟರಾಯಿತು, ಉಳಿದದ್ದು ಕಂಪನಿಯ ಲೆಕ್ಕಕ್ಕೆ. ಲಕ್ಷಗಟ್ಟಲೆ ಸಂಸಾರಗಳಿಗೆ ಇದು ದೊಡ್ಡ ಆಸರೆ. ಆದರೆ ಒಂದು ತೊಡಕು ಹುಟ್ಟಿತು. ಆಸ್ಪತ್ರೆಯ ಬಿಲ್ಲು ವರ್ಷಕ್ಕೊಂದು ಬಂದೀತು, ದೊಡ್ಡ ಮೊತ್ತದ್ದು. ಔಷಧಿಯ ಬಿಲ್ಲು ತಿಂಗಳಿಗೆ ಮೂರು ಬರುತ್ತದೆ, ನಾಲ್ಕೈದು ಡಾಲರಿನದು. ಐದು ಡಾಲರಿನ ಬಿಲ್ಲನ್ನು ಪರಿಶೀಲಿಸಿ ಚೆಕ್ಕು ಬರೆಯಲು ವಿಮಾ ಕಂಪನಿಗೆ ಅದಕ್ಕಿಂತ ಹೆಚ್ಚು ಖರ್ಚು ಬೀಳತೊಡಗಿತು.

ಇಲ್ಲಿ ನಮ್ಮ ಮಧ್ಯವರ್ತಿ ರಂಗಕ್ಕೆ ಬಂದ. 1968ರಲ್ಲಿ ಫಾರ್ಮಸ್ಯೂಟಿಕಲ್ ಕಾರ್ಡ್ ಸಿಸ್ಟಂ, ಅಂದರೆ ಪಿ.ಸಿ.ಎಸ್., ಎಂಬ ಸಂಸ್ಥೆ ಹುಟ್ಟಿ ಪ್ಲಾಸ್ಟಿಕ್ಕಿನ ಔಷಧಿ ಕಾರ್ಡನ್ನು ಜಾರಿಗೆ ತಂದಿತು. ಕಾರ್ಡು ತೋರಿಸಿದರೆ ಅಂಗಡಿಯವನಿಗೆ ಇವನು ಯಾವ ಯೋಜನೆಯವನು, ಎಷ್ಟು ವಸೂಲು ಮಾಡಬೇಕು ಎಂದು ತಿಳಿಯುತ್ತಿತ್ತು. ಅಂಗಡಿಯವನು ಕಾಗದಗಳನ್ನು ಕಟ್ಟಿ ಪಿ.ಸಿ.ಎಸ್.ಗೆ ಕಳಿಸುವುದು, ಅವರು ಲೆಕ್ಕ ಹಾಕಿ ವಿಮಾ ಕಂಪನಿಯಿಂದ ಹಣ ಕೊಡಿಸುವುದು. ಚೀಟಿಯೊಂದಕ್ಕೆ ಇಷ್ಟು ಸೆಂಟು ಎಂದು ಸಂಭಾವನೆ. ಆಗಿನ್ನೂ ಅವನು ಕಚೇರಿ ಮುಂದೆ ಕೂತ ಅರ್ಜಿ ಬರಹಗಾರ ಅಷ್ಟೇ. 1980ರ ದಶಕದಲ್ಲಿ ಗಣಕಯಂತ್ರ ಬಂದು ಈ ಕೆಲಸ ಕಾಗದದಿಂದ ತಂತಿಗೆ ಹಾರಿತು. ರೋಗಿ ಕಟ್ಟೆಯ ಮುಂದೆ ನಿಂತಿರುವಾಗಲೇ, ಕೆಲವೇ ಸೆಕೆಂಡುಗಳಲ್ಲಿ, ಈ ಔಷಧಿಗೆ ವಿಮೆ ಉಂಟೋ ಇಲ್ಲವೋ, ಅವನ ಕೈಯಿಂದ ಎಷ್ಟು ಎಂಬುದು ತೆರೆಯ ಮೇಲೆ ಮೂಡತೊಡಗಿತು.

ಅರ್ಜಿ ಬರೆಯುವವನ ಕೈಯಲ್ಲಿ ಊರಿನ ಎಲ್ಲ ಅರ್ಜಿಗಳೂ ಇದ್ದರೆ ಅವನ ಬಲ ಎಷ್ಟಿರುತ್ತದೆ, ನೀವೇ ಯೋಚಿಸಿ. ಮಧ್ಯವರ್ತಿಗಳಿಗೂ ತಮ್ಮ ಬಲ ಅರಿವಾಯಿತು. "ನಮ್ಮ ಹಿಂದೆ ಹತ್ತು ಲಕ್ಷ ಜನರಿದ್ದಾರೆ. ನಿಮ್ಮ ಔಷಧಿಯನ್ನು ನಮ್ಮ ಪಟ್ಟಿಯಲ್ಲಿ ಮೇಲೆ ಇಡಬೇಕೆಂದರೆ ನಮಗೆ ರಿಯಾಯಿತಿ ಕೊಡಿ" ಎಂದು ಔಷಧಿ ಕಂಪನಿಗಳೊಂದಿಗೆ ಚೌಕಾಸಿಗೆ ಕೂತರು. ಈ ಪಟ್ಟಿಗೆ ಅಲ್ಲಿ ಫಾರ್ಮ್ಯುಲರಿ ಎನ್ನುತ್ತಾರೆ. ಪಟ್ಟಿಯ ಮೇಲಿನ ಮೆಟ್ಟಿಲಲ್ಲಿರುವ ಔಷಧಿಗೆ ರೋಗಿ ಕಡಿಮೆ ಕೊಡಬೇಕು, ಕೆಳಗಿನದಕ್ಕೆ ಹೆಚ್ಚು, ಪಟ್ಟಿಯಲ್ಲೇ ಇಲ್ಲದ್ದಕ್ಕೆ ಪೂರ್ತಿ. ಕಂಪನಿ ಕೊಡುವ ರಿಯಾಯಿತಿ ಅಂಗಡಿಯಲ್ಲಿ ಸಿಗುವುದಿಲ್ಲ. ಮಾರಾಟವಾದ ಮೇಲೆ, ತಿಂಗಳುಗಳು ಕಳೆದು, ಹಿಂಬಾಗಿಲಿನಿಂದ ಮಧ್ಯವರ್ತಿಗೆ ಬರುತ್ತದೆ. ಇದಕ್ಕೆ ರಿಬೇಟ್ ಎಂದು ಹೆಸರು. ಎಷ್ಟು ರಿಬೇಟ್ ಎಂಬುದು ಗುಟ್ಟು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಈ ಚೌಕಾಸಿಯಿಂದ ಒಳ್ಳೆಯದೂ ಆಗಿದೆ. 1984ರಲ್ಲಿ ಹ್ಯಾಚ್-ವ್ಯಾಕ್ಸ್‌ಮನ್ ಕಾಯಿದೆ ಬಂದು, ಪೇಟೆಂಟ್ ಮುಗಿದ ಔಷಧಿಯನ್ನು ಬೇರೆ ಕಂಪನಿಗಳು ಅಗ್ಗವಾಗಿ ಮಾಡುವ ದಾರಿ ಸುಗಮವಾಯಿತು. ಇವನ್ನು ಜನರಿಕ್ ಎನ್ನುತ್ತೇವೆ. ರೋಗಿಗಳನ್ನು ಜನರಿಕ್ ಕಡೆಗೆ ತಿರುಗಿಸುವುದರಲ್ಲಿ ಮಧ್ಯವರ್ತಿಗಳ ಪಾತ್ರ ದೊಡ್ಡದು. ಇಂದು ಅಮೆರಿಕದಲ್ಲಿ ಹತ್ತು ಚೀಟಿಗೆ ಸುಮಾರು ಒಂಬತ್ತು ಜನರಿಕ್ ಔಷಧಿಗಳೇ. ಪಟಾನ್‌ಚೆರು, ವೆರ್ಣಾಗಳಿಗೆ ಅಮೆರಿಕದ ಬಾಗಿಲು ತೆರೆದದ್ದೂ ಇದರಿಂದಲೇ.

ಇನ್ನೊಂದು ಉದಾಹರಣೆ ಹೆಪಟೈಟಿಸ್-ಸಿ ಎಂಬ ಯಕೃತ್ತಿನ ಕಾಯಿಲೆಯದು. 2013ರ ಡಿಸೆಂಬರಿನಲ್ಲಿ ಗಿಲಿಯಡ್ ಕಂಪನಿಯ ಸೊವಾಲ್ಡಿ ಮಾತ್ರೆ ಬಂತು. ಮಾತ್ರೆಯೊಂದಕ್ಕೆ 1,000 ಡಾಲರ್. ಹನ್ನೆರಡು ವಾರದ ಚಿಕಿತ್ಸೆಗೆ 84,000 ಡಾಲರ್. ಮಾರನೆಯ ವರ್ಷ ಎದುರಾಳಿ ಕಂಪನಿಯ ಔಷಧಿ ಬಂದದ್ದೇ ತಡ, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಎಂಬ ದೊಡ್ಡ ಮಧ್ಯವರ್ತಿ ಸಂಸ್ಥೆ ಗಿಲಿಯಡ್‌ನ ಮಾತ್ರೆಗಳನ್ನು ಪಟ್ಟಿಯಿಂದಲೇ ಹೊರಗಿಟ್ಟಿತು. ಗಿಲಿಯಡ್ ಬಾಗಬೇಕಾಯಿತು. 2015ರಲ್ಲಿ ತನ್ನ ರಿಯಾಯಿತಿ ಸರಾಸರಿ ಶೇಕಡಾ 46ರಷ್ಟಾಗುವುದೆಂದು ಅದೇ ಹೇಳಿತು. ಇದು ಮಧ್ಯವರ್ತಿಯ ಗೆಲುವೇ. ಆದರೆ ಅದೇ 2015ರಲ್ಲಿ ಗಿಲಿಯಡ್‌ನಿಂದ ಪರವಾನಗಿ ಪಡೆದ ಹೈದರಾಬಾದಿನ ಕಂಪನಿಯೊಂದು ಅದೇ ಔಷಧಿಯ 28 ಮಾತ್ರೆಗಳ ಡಬ್ಬಿಯನ್ನು 19,900 ರೂಪಾಯಿಗೆ ಪೇಟೆಗೆ ಬಿಟ್ಟಿತು. ಅಲ್ಲಿನ ಡಬ್ಬಿಯ ಮೇಲಿನ ಬೆಲೆ 28,000 ಡಾಲರ್. ಅರ್ಧಕ್ಕೆ ಇಳಿಸಿದ ಮೇಲೂ ಎಷ್ಟು ಅಂತರವಿತ್ತೆಂಬುದನ್ನು ನೀವೇ ಲೆಕ್ಕ ಹಾಕಿ.

ಮಧ್ಯವರ್ತಿ ಎಲ್ಲಿ ದಾರಿ ತಪ್ಪಿದ? ಅವನ ಸಂಭಾವನೆ ಬದಲಾದಲ್ಲಿ. ಮೊದಲು ಚೀಟಿಗೆ ಇಷ್ಟು ಎಂದಿತ್ತು. ಆಮೇಲೆ ರಿಬೇಟಿನಲ್ಲಿ ಪಾಲು ಎಂದಾಯಿತು. ಒಂದು ಲೆಕ್ಕ ಹೇಳುತ್ತೇನೆ, ಇದು ಕೇವಲ ತಿಳಿವಳಿಕೆಗೆ. ಒಂದೇ ಗುಣದ ಎರಡು ಔಷಧಿ. ಮೊದಲನೆಯದರ ಬೆಲೆ 100, ರಿಬೇಟ್ 10. ನಿಜವಾಗಿ ಬೀಳುವುದು 90. ಎರಡನೆಯದರ ಬೆಲೆ 200, ರಿಬೇಟ್ 105, ಬೀಳುವುದು 95. ಯಜಮಾನನ ಹಿತ ನೋಡುವವನು ಮೊದಲನೆಯದನ್ನು ಆರಿಸಬೇಕು. ಆದರೆ ರಿಬೇಟಿನಲ್ಲಿ ಪಾಲುಳ್ಳವನಿಗೆ 10ರ ಪಾಲಿಗಿಂತ 105ರ ಪಾಲು ರುಚಿ. ರೋಗಿಯ ಗತಿ ನೋಡಿ. ಬೆಲೆಯ ಶೇಕಡಾ 20 ಕೊಡಬೇಕೆಂದು ಅವನ ವಿಮೆಯಲ್ಲಿದ್ದರೆ, ಅದು 90ರ ಮೇಲೂ ಅಲ್ಲ, 95ರ ಮೇಲೂ ಅಲ್ಲ. ಡಬ್ಬಿಯ ಬೆಲೆ 200ರ ಮೇಲೆ. 20 ಕೊಡಬೇಕಾದವನು 40 ಕೊಡುತ್ತಾನೆ.

ಔಷಧಿ ಕಂಪನಿಗಳೂ ಇದನ್ನು ಬೇಗ ಅರ್ಥಮಾಡಿಕೊಂಡವು. ಬೆಲೆ ಏರಿಸಿ, ಏರಿಸಿದ್ದರಲ್ಲಿ ಒಂದು ಭಾಗವನ್ನು ರಿಬೇಟಾಗಿ ಬಿಟ್ಟರೆ ಪಟ್ಟಿಯಲ್ಲಿ ಜಾಗ ಭದ್ರ. 1990ರ ದಶಕದಲ್ಲಿ ಅವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಧ್ಯವರ್ತಿಗಳನ್ನೇ ಕೊಂಡುಕೊಂಡವು. 1993ರಲ್ಲಿ ಮೆರ್ಕ್ ಕಂಪನಿ ಮೆಡ್ಕೊ ಎಂಬ ಸಂಸ್ಥೆಯನ್ನು ಸುಮಾರು 600 ಕೋಟಿ ಡಾಲರಿಗೆ, 1994ರಲ್ಲಿ ಸ್ಮಿತ್‌ಕ್ಲೈನ್ ಬೀಚಮ್ ಕಂಪನಿ ಡೈವರ್ಸಿಫೈಡ್ ಎಂಬುದನ್ನು 230 ಕೋಟಿಗೆ, ಅದೇ ವರ್ಷ ಇಲೈ ಲಿಲ್ಲಿ ಕಂಪನಿ ಹಳೆಯ ಪಿ.ಸಿ.ಎಸ್. ಅನ್ನು 400 ಕೋಟಿಗೆ ಕೊಂಡವು. ಮಾರುವವನೇ ಕೊಳ್ಳುವವನ ಪರವಾಗಿ ಚೌಕಾಸಿ ಮಾಡುವ ವಿಚಿತ್ರ ಸ್ಥಿತಿ. ಸರಕಾರದ ವ್ಯಾಪಾರ ಆಯೋಗ ಕಣ್ಣಿಟ್ಟು ಕಟ್ಟುಪಾಡು ಹಾಕಿತು. ಗಿರಾಕಿಗಳಿಗೂ ನಂಬಿಕೆ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಲಿಲ್ಲಿ 400 ಕೋಟಿಯ ಪಿ.ಸಿ.ಎಸ್. ಅನ್ನು 150 ಕೋಟಿಗೆ ಮಾರಿ ಕೈತೊಳೆದುಕೊಂಡಿತು. ಸ್ಮಿತ್‌ಕ್ಲೈನ್ 1999ರಲ್ಲಿ 70 ಕೋಟಿಗೆ ಮಾರಿತು. ಮೆರ್ಕ್ 2003ರಲ್ಲಿ ಮೆಡ್ಕೊವನ್ನು ಬೇರ್ಪಡಿಸಿತು.

ಈ ಪಾಠ ಅಲ್ಲಿಗೆ ಮುಗಿಯಿತೆಂದುಕೊಂಡರೆ ತಪ್ಪು. ಔಷಧಿ ಕಂಪನಿಗಳ ಕೈಯಿಂದ ಬಿಡಿಸಿಕೊಂಡ ಮಧ್ಯವರ್ತಿ ವಿಮಾ ಕಂಪನಿಗಳ ಮನೆ ಹೊಕ್ಕ. 2007ರಲ್ಲಿ ಸಿ.ವಿ.ಎಸ್. ಎಂಬ ಔಷಧಿ ಅಂಗಡಿಗಳ ಸರಪಳಿಯೂ ಕೇರ್‌ಮಾರ್ಕ್ ಎಂಬ ಮಧ್ಯವರ್ತಿಯೂ ಒಂದಾದವು. 2012ರಲ್ಲಿ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ 2,900 ಕೋಟಿ ಡಾಲರಿಗೆ ಮೆಡ್ಕೊವನ್ನು ನುಂಗಿತು. 2018ರಲ್ಲಿ ಸಿ.ವಿ.ಎಸ್. ಈಟ್ನಾ ಎಂಬ ವಿಮಾ ಕಂಪನಿಯನ್ನು ಕೊಂಡಿತು. ಸಿಗ್ನಾ ಎಂಬ ವಿಮಾ ಕಂಪನಿ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಅನ್ನು ಕೊಂಡಿತು. ಮೂರನೆಯದಾದ ಆಪ್ಟಮ್ ಆರ್‌ಎಕ್ಸ್ ದೊಡ್ಡ ವಿಮಾ ಸಂಸ್ಥೆಯಾದ ಯುನೈಟೆಡ್‌ಹೆಲ್ತ್ ಮನೆಯದೇ. ಇಡೀ ದೇಶದ ಚೀಟಿಗಳಲ್ಲಿ ಸುಮಾರು ಶೇಕಡಾ 80 ಈ ಮೂವರ ಕೈ ಹಾಯ್ದೇ ಹೋಗುವಂತಾಯಿತು. ವಿಮೆ ಮಾರುವವನು, ಔಷಧಿ ಪಟ್ಟಿ ಬರೆಯುವವನು, ಅಂಚೆಯಲ್ಲಿ ಔಷಧಿ ಕಳಿಸುವ ಅಂಗಡಿಯವನು ಎಲ್ಲ ಒಂದೇ ಸೂರಿನಡಿ.

ಇದರ ಬಿಸಿ ತಟ್ಟಿದ್ದು ಊರ ಸಣ್ಣ ಅಂಗಡಿಗೆ. ಇಲ್ಲಿ ಸ್ಪ್ರೆಡ್ ಎಂಬ ಇನ್ನೊಂದು ಆದಾಯ ಇದೆ. ಅಂಗಡಿಯವನಿಗೆ 10 ಡಾಲರ್ ಕೊಟ್ಟು ವಿಮೆ ಕೊಟ್ಟ ಯಜಮಾನನಿಂದ 15 ವಸೂಲು ಮಾಡಿದರೆ, ನಡುವಿನ 5 ಮಧ್ಯವರ್ತಿಗೆ. ಇಬ್ಬರಿಗೂ ಇನ್ನೊಬ್ಬರ ಅಂಕಿ ಗೊತ್ತಿಲ್ಲ. ಓಹಾಯೋ ರಾಜ್ಯದ ಲೆಕ್ಕಪರಿಶೋಧಕರು 2018ರಲ್ಲಿ ಬಡವರ ಸರಕಾರಿ ವಿಮೆಯಾದ ಮೆಡಿಕೇಡ್‌ನ ಕಡತ ತೆರೆಸಿ ನೋಡಿದಾಗ ಒಂದೇ ವರ್ಷದಲ್ಲಿ 22 ಕೋಟಿ 48 ಲಕ್ಷ ಡಾಲರ್ ಹೀಗೆ ನಡುವೆ ಉಳಿದದ್ದು ಕಂಡಿತು. ಪಕ್ಕದ ಪಶ್ಚಿಮ ವರ್ಜೀನಿಯಾ ಬೆಟ್ಟಗುಡ್ಡಗಳ ಬಡ ರಾಜ್ಯ. ಅದು 2017ರಲ್ಲೇ ಈ ಕೆಲಸವನ್ನು ಮಧ್ಯವರ್ತಿಗಳಿಂದ ಕಿತ್ತು ತಾನೇ ನಡೆಸತೊಡಗಿತ್ತು. ಮೊದಲ ವರ್ಷವೇ 5 ಕೋಟಿಗೂ ಹೆಚ್ಚು ಡಾಲರ್ ಉಳಿಯಿತೆಂದು ಲೆಕ್ಕ ಕೊಟ್ಟಿತು.

ಇನ್ನೂ ಒಂದು ಮಾತು ನಿಮಗೆ ನಂಬಲು ಕಷ್ಟವಾದೀತು. ಕೆಲವು ಸಲ ವಿಮೆಯ ಕಾರ್ಡು ತೋರಿಸಿ ಕೊಡುವ ಕೋ-ಪೇ, ಅಂದರೆ ರೋಗಿಯ ಪಾಲು, ಔಷಧಿಯ ನಗದು ಬೆಲೆಗಿಂತ ಹೆಚ್ಚಿರುತ್ತಿತ್ತು. "ಅಮ್ಮಾ, ಕಾರ್ಡು ಬೇಡ, ರೊಕ್ಕ ಕೊಡಿ, ಅಗ್ಗವಾಗುತ್ತದೆ" ಎಂದು ಅಂಗಡಿಯವನು ಹೇಳಿದರೆ ಮುಗಿಯಿತಲ್ಲ? ಹೇಳಬಾರದೆಂದು ಕೆಲವು ಕರಾರುಪತ್ರಗಳಲ್ಲಿ ಬರೆದಿತ್ತು. ಇದಕ್ಕೆ ಬಾಯಿಕಟ್ಟಿನ ಕರಾರು ಎನ್ನಬಹುದು. 2018ರ ಅಕ್ಟೋಬರಿನಲ್ಲಿ ಎರಡು ಕಾಯಿದೆ ಮಾಡಿ ಅಮೆರಿಕ ಈ ಬಾಯಿಕಟ್ಟನ್ನು ತೆಗೆಯಿತು. ಅಂಗಡಿಯವನು ಕೊಂಡ ಬೆಲೆಗಿಂತ ಕಡಿಮೆ ಅವನಿಗೆ ಕೊಡಬಾರದೆಂದು ಅರ್ಕಾನ್ಸಾ ರಾಜ್ಯ 2015ರಲ್ಲಿ ಕಾನೂನು ಮಾಡಿತ್ತು. ಮಧ್ಯವರ್ತಿಗಳ ಸಂಘ ಕೋರ್ಟಿಗೆ ಹೋಯಿತು. 2020ರ ಡಿಸೆಂಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಂದೂ ಭಿನ್ನಮತವಿಲ್ಲದೆ ರಾಜ್ಯದ ಪರ ತೀರ್ಪು ಕೊಟ್ಟಿತು.

ಈಗ ಈ ಚರಿತ್ರೆಯ ಅತ್ಯಂತ ನೋವಿನ ಪುಟಕ್ಕೆ ಬರುತ್ತೇನೆ. ಅದು ಇನ್ಸುಲಿನ್‌ನದು. ನಮ್ಮಲ್ಲೂ ಮನೆಮನೆಗೆ ಬಂದಿರುವ ಸಕ್ಕರೆ ಕಾಯಿಲೆಯ ಔಷಧಿ. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಅದನ್ನು ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಪೇಟೆಂಟಿನ ಹಕ್ಕನ್ನು 1923ರಲ್ಲಿ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಲಿಲ್ಲಿ ಕಂಪನಿಯ ಸುಧಾರಿತ ಇನ್ಸುಲಿನ್ ಹ್ಯೂಮಲಾಗ್ 1996ರಲ್ಲಿ ಅಮೆರಿಕದ ಪೇಟೆಗೆ ಬಂದಾಗ ಸೀಸೆಗೆ 21 ಡಾಲರ್. 2019ರ ಹೊತ್ತಿಗೆ ಅದೇ ಸೀಸೆಗೆ ಸುಮಾರು 275 ಡಾಲರ್. ಔಷಧಿ ಬದಲಾಗಿರಲಿಲ್ಲ, ಸೀಸೆ ಬದಲಾಗಿರಲಿಲ್ಲ.

ಬದಲಾದದ್ದು ರಿಬೇಟು. ಅಮೆರಿಕದ ಸೆನೆಟ್ ಸಮಿತಿಯೊಂದು ಕಡತಗಳನ್ನು ತರಿಸಿಕೊಂಡು 2021ರ ಜನವರಿಯಲ್ಲಿ ವರದಿ ಕೊಟ್ಟಿತು. ಸನೋಫಿ ಎಂಬ ಇನ್ನೊಂದು ಕಂಪನಿ ತನ್ನ ಇನ್ಸುಲಿನ್‌ಗೆ ಪಟ್ಟಿಯಲ್ಲಿ ಒಳ್ಳೆಯ ಜಾಗ ಸಿಗಲೆಂದು 2013ರಲ್ಲಿ ಒಬ್ಬ ಮಧ್ಯವರ್ತಿಗೆ ಶೇಕಡಾ 2ರಿಂದ 4ರಷ್ಟು ರಿಬೇಟ್ ಕೊಡಲು ಮುಂದಾಗಿತ್ತು. 2018ರ ಹೊತ್ತಿಗೆ ಅದು ಶೇಕಡಾ 56ರವರೆಗೆ ಏರಿತ್ತು. ಬೆಲೆಯೂ ರಿಬೇಟೂ ಎರಡು ಎತ್ತುಗಳಂತೆ ಜೋಡಿಯಾಗಿ ಏರು ಹತ್ತಿದವು.

ಹತ್ತಿದ ಆ ಬೆಲೆಯನ್ನು ಪೂರ್ತಿಯಾಗಿ ಕೊಟ್ಟವರು ಯಾರು? ಮಧ್ಯವರ್ತಿ ಕೊಡಲಿಲ್ಲ, ಅವನಿಗೆ ರಿಬೇಟ್ ಇತ್ತು. ದೊಡ್ಡ ವಿಮೆಯೂ ಕೊಡಲಿಲ್ಲ. ಪೂರ್ತಿ ಕೊಟ್ಟವನು ವಿಮೆಯೇ ಇಲ್ಲದವನು, ಅಥವಾ ವರ್ಷದ ಮೊದಲ ಕೆಲವು ಸಾವಿರ ಡಾಲರ್ ತಾನೇ ಭರಿಸಬೇಕೆಂಬ ಷರತ್ತಿನ ಅಗ್ಗದ ವಿಮೆ ಹಿಡಿದವನು. 2017ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ದುಡಿಯುವ ಯುವಕನೊಬ್ಬನಿಗೆ 26 ವರ್ಷ ತುಂಬಿತು. ಅಲ್ಲಿನ ನಿಯಮದಂತೆ ಆ ವಯಸ್ಸಿಗೆ ತಂದೆತಾಯಿಯ ವಿಮೆಯಿಂದ ಹೆಸರು ಹೊರಬೀಳುತ್ತದೆ. ಇನ್ಸುಲಿನ್ ಮತ್ತು ಅದರ ಜೊತೆಯ ಸಾಮಾನಿಗೆ ತಿಂಗಳಿಗೆ ಸಾವಿರಕ್ಕೂ ಹೆಚ್ಚು ಡಾಲರ್ ಬೇಕಾಗಿತ್ತು. ಸಂಬಳ ಬರುವತನಕ ಇದ್ದದ್ದನ್ನೇ ಸ್ವಲ್ಪ ಸ್ವಲ್ಪ ಬಳಸಿ ದಿನ ದೂಡಲು ನೋಡಿದ. ವಿಮೆ ತಪ್ಪಿ ತಿಂಗಳು ತುಂಬುವ ಮೊದಲೇ ತೀರಿಕೊಂಡ. ಅವನ ತಾಯಿ ಮನೆಯಲ್ಲಿ ಅಳುತ್ತ ಕೂರಲಿಲ್ಲ. ಊರೂರು, ಕಚೇರಿ ಕಚೇರಿ ಅಲೆದರು. 2020ರಲ್ಲಿ ತುರ್ತಿಗೆ ಇನ್ಸುಲಿನ್ ಸಿಗುವಂತೆ ಆ ರಾಜ್ಯ ಮಾಡಿದ ಕಾನೂನಿಗೆ ಆ ಮಗನ ಹೆಸರನ್ನೇ ಇಟ್ಟಿದ್ದಾರೆ.

ಮಧ್ಯವರ್ತಿಗಳು ಇದಕ್ಕೆ ಕೊಡುವ ಉತ್ತರವನ್ನೂ ಕೇಳಬೇಕು. "ಬೆಲೆ ಇಡುವವರು ನಾವಲ್ಲ, ಔಷಧಿ ಕಂಪನಿಗಳು. ರಿಬೇಟಿನ ಬಹುಪಾಲನ್ನು ನಾವು ವಿಮಾ ಯೋಜನೆಗೇ ಒಪ್ಪಿಸುತ್ತೇವೆ" ಎನ್ನುತ್ತಾರೆ. ಇದು ಸುಳ್ಳಲ್ಲ. ಮೆಡಿಕೇರ್ ಔಷಧಿ ವಿಮೆಯ 2016ರ ಲೆಕ್ಕ ನೋಡಿದ ಸರಕಾರಿ ಪರಿಶೋಧಕರು ಮಧ್ಯವರ್ತಿಗಳು ರಿಬೇಟಿನಲ್ಲಿ ನೇರವಾಗಿ ಇಟ್ಟುಕೊಂಡದ್ದು ಶೇಕಡಾ ಒಂದಕ್ಕಿಂತ ಕಡಿಮೆ ಎಂದರು. ಅಂದಮೇಲೆ ತಪ್ಪು ಎಲ್ಲಿದೆ? ರಿಬೇಟ್ ಯೋಜನೆಗೆ ಸೇರಿದರೆ ಎಲ್ಲರ ಕಂತು ಒಂದಿಷ್ಟು ಇಳಿಯುತ್ತದೆ. ಆದರೆ ಆ ರಿಬೇಟನ್ನು ದುಡಿದುಕೊಟ್ಟದ್ದು ದಿನಾ ಸೂಜಿ ಚುಚ್ಚಿಕೊಳ್ಳುವ ರೋಗಿಯ ಔಷಧಿ. ಅವನು ಅಂಗಡಿಯಲ್ಲಿ ಏರಿದ ಬೆಲೆಯ ಲೆಕ್ಕದಲ್ಲಿ ಕೊಟ್ಟ. ಅದರ ಫಲ ಮಾತ್ರೆಯನ್ನೇ ಮುಟ್ಟದವನ ಕಂತಿಗೂ ಹಂಚಿಹೋಯಿತು. ಕಾಯಿಲೆಯವನಿಗೆ ಆಸರೆಯಾಗಲೆಂದು ಗಟ್ಟಿಮುಟ್ಟಾದವರು ಕೂಡಿ ಕಟ್ಟುವ ಗಂಟಿಗೆ ವಿಮೆ ಎನ್ನುತ್ತಾರೆ. ಇಲ್ಲಿ ಅದು ತಲೆಕೆಳಗಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನೆನಪಾಗುವುದು ಇಲ್ಲಿಯೇ.

ಗಂಟು ಸಡಿಲವಾದದ್ದು ಹೇಗೆ? ಯಾರ ಮನಸ್ಸೂ ಒಮ್ಮೆಲೇ ಕರಗಿದ್ದರಿಂದಲ್ಲ, ಲೆಕ್ಕ ಬದಲಾದದ್ದರಿಂದ. ಬೆಲೆಯನ್ನು ಹಣದುಬ್ಬರಕ್ಕಿಂತ ಬೇಗ ಏರಿಸಿದ ಕಂಪನಿ ಮೆಡಿಕೇಡ್‌ಗೆ ಹೆಚ್ಚು ರಿಬೇಟ್ ಕೊಡಬೇಕೆಂಬ ನಿಯಮಕ್ಕೆ ಮೊದಲು ಒಂದು ಮಿತಿಯಿತ್ತು. 2021ರ ಕಾಯಿದೆಯೊಂದು ಆ ಮಿತಿಯನ್ನು 2024ರ ಜನವರಿಯಿಂದ ತೆಗೆದುಹಾಕಿತು. ಹಳೆಯ ಬೆಲೆಯಲ್ಲೇ ಮುಂದುವರಿದರೆ ಬಡವರಿಗೆ ಮಾರಿದ ಪ್ರತಿ ಸೀಸೆಗೂ ಕಂಪನಿಯೇ ಕೈಯಿಂದ ಹಣ ಕೊಡಬೇಕಾಗುವ ಹೊತ್ತು ಬಂತು. ಇತ್ತ 2022ರ ಆಗಸ್ಟಿನ ಕಾಯಿದೆ ಮೆಡಿಕೇರ್ ವೃದ್ಧರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದೆಂದು ಕಟ್ಟು ಮಾಡಿತು. 2023ರ ಮಾರ್ಚಿನಲ್ಲಿ ಲಿಲ್ಲಿ ಹ್ಯೂಮಲಾಗ್ ಬೆಲೆಯನ್ನು ಶೇಕಡಾ 70ರಷ್ಟು ಇಳಿಸುವುದಾಗಿ ಸಾರಿತು. ಉಳಿದ ಎರಡು ಕಂಪನಿಗಳೂ ಅದೇ ತಿಂಗಳು ಹಿಂಬಾಲಿಸಿದವು. ಇಪ್ಪತ್ತೇಳು ವರ್ಷ ಮೇಲೇರುತ್ತಲೇ ಇದ್ದ ಬೆಲೆ ಒಂದು ತಿಂಗಳ ಘೋಷಣೆಗಳಲ್ಲಿ ಇಳಿಯಿತು. ಇಳಿಸಲು ಆಗುತ್ತಿತ್ತು ಎಂಬುದೇ ಇದರ ಅರ್ಥ.

2003ರ ಮೆಡಿಕೇರ್ ಔಷಧಿ ಕಾಯಿದೆ ಸರಕಾರ ಬೆಲೆಯ ಚೌಕಾಸಿಗೆ ಕೈ ಹಾಕಬಾರದೆಂದಿತ್ತು; ಆ ಕೆಲಸ ಖಾಸಗಿ ವಿಮೆ ಮತ್ತು ಮಧ್ಯವರ್ತಿಗಳದ್ದಾಗಿತ್ತು. 2022ರ ಕಾಯಿದೆ ಆ ಬಾಗಿಲನ್ನೂ ಸ್ವಲ್ಪ ತೆರೆಯಿತು. ಸರಕಾರವೇ ಚೌಕಾಸಿ ಮಾಡಿದ ಮೊದಲ ಹತ್ತು ಔಷಧಿಗಳ ಬೆಲೆ 2026ರ ಜನವರಿ 1ರಿಂದ ಜಾರಿಗೆ ಬಂತು. ಇನ್ಸುಲಿನ್ ವಿಷಯದಲ್ಲಿ ಮೂರೂ ದೊಡ್ಡ ಮಧ್ಯವರ್ತಿಗಳ ಮೇಲೆ ವ್ಯಾಪಾರ ಆಯೋಗ 2024ರ ಸೆಪ್ಟೆಂಬರಿನಲ್ಲಿ ದಾವೆ ಹೂಡಿತು. 2025ರ ಜನವರಿಯ ಆಯೋಗದ ವರದಿಯಲ್ಲಿ ಇನ್ನೊಂದು ಅಂಕಿಯಿದೆ: ಕ್ಯಾನ್ಸರ್ ಮೊದಲಾದ ಕಾಯಿಲೆಗಳ ಜನರಿಕ್ ಔಷಧಿಗಳನ್ನು ತಮ್ಮದೇ ಅಂಗಡಿಗಳ ಮೂಲಕ ಮಾರಿ ಈ ಮೂವರು 2017ರಿಂದ 2022ರವರೆಗೆ, ಅಂದಾಜು ಕೊಂಡ ಬೆಲೆಯ ಮೇಲೆ 730 ಕೋಟಿಗೂ ಹೆಚ್ಚು ಡಾಲರ್ ಗಳಿಸಿದರೆಂದು.

ಬಂಧುಗಳೇ, ಅಮೆರಿಕದ ಈ ಕತೆ ನಮಗೆ ಯಾಕೆ ಎಂದು ಕೇಳಬಹುದು. ನಮ್ಮಲ್ಲಿ ಮಾತ್ರೆಯ ಹಾಳೆಯ ಮೇಲೆಯೇ ಗರಿಷ್ಠ ಚಿಲ್ಲರೆ ಬೆಲೆ ಅಚ್ಚಾಗಿರುತ್ತದೆ. ಅವಶ್ಯಕ ಔಷಧಿಗಳಿಗೆ 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಸರಕಾರವೇ ಮೇಲ್ಮಿತಿ ಹಾಕುತ್ತದೆ. ಇದು ಸಣ್ಣ ಸಂಗತಿಯಲ್ಲ. ಕಾಸರಗೋಡಿನ ಅಂಗಡಿಯಲ್ಲಾಗಲಿ ಮಂಗಳೂರಿನಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ ವಿಜಯಪುರದಲ್ಲಾಗಲಿ, ಆದವಾನಿಯಲ್ಲಾಗಲಿ ಬಳ್ಳಾರಿಯಲ್ಲಾಗಲಿ, ಕೊಳ್ಳುವವನು ಹಾಳೆಯನ್ನು ತಿರುಗಿಸಿ ಆ ಅಂಕಿ ಓದಬಹುದು. ಅದಕ್ಕಿಂತ ಹೆಚ್ಚು ಕೇಳಿದರೆ ತಕರಾರು ಮಾಡಬಹುದು. ಅಮೆರಿಕದ ರೋಗಿಗೆ ಆ ಅಂಕಿ ಕಾಣುವುದಿಲ್ಲ. ಅವನ ಕಾರ್ಡು ಏನು ಹೇಳುತ್ತದೋ ಅದೇ ಬೆಲೆ.

ಆದರೆ ನಮ್ಮಲ್ಲೂ ಕಾಲ ಬದಲಾಗುತ್ತಿದೆ. 2018ರಲ್ಲಿ ಆಯುಷ್ಮಾನ್ ಭಾರತ ಕಾರ್ಡು ಬಂತು. ಅದು ಆಸ್ಪತ್ರೆಗೆ ಸೇರಿದವರಿಗೆ. ತಿಂಗಳು ತಿಂಗಳು ಅಂಗಡಿಯಲ್ಲಿ ಕೊಳ್ಳುವ ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ ಇನ್ನೂ ಹೆಚ್ಚಿನವರ ಕೈಯಿಂದಲೇ. ನಾಳೆ ಅವಕ್ಕೂ ವಿಮೆ ಬರಲಿ, ಬರಬೇಕು. ವಿಂಡ್ಸರ್‌ನಲ್ಲಿ ಬರಿಗೈಯಲ್ಲಿ ಮರಳಿದ ತಾಯಿ ನಮ್ಮೂರಿನಲ್ಲೂ ಇದ್ದಾಳೆ. ಆದರೆ ವಿಮೆಯ ಜೊತೆಗೆ ಲೆಕ್ಕ ನೋಡುವವನೊಬ್ಬ ಬಂದೇ ಬರುತ್ತಾನೆ. ಅವನು ಕೆಟ್ಟವನೆಂದು ಮೊದಲೇ ತೀರ್ಮಾನಿಸುವುದು ಬೇಡ. ಅರವತ್ತು ವರ್ಷದ ಈ ಚರಿತ್ರೆಯಲ್ಲಿ ಹೆಚ್ಚಿನವರು ಒಳ್ಳೆಯ ಕೆಲಸ ಎಂದುಕೊಂಡೇ ಶುರುಮಾಡಿದವರು. ಅವನನ್ನು ಒಂದೇ ಮಾತು ಕೇಳಬೇಕು: ನಿನಗೆ ಸಂಬಳ ಎಲ್ಲಿಂದ ಬರುತ್ತದೆ? ಕೆಲಸಕ್ಕೆ ಇಷ್ಟು ಎಂದು ನಮ್ಮಿಂದ ಬರುತ್ತದೆಯೋ, ಅಥವಾ ನಮ್ಮ ಔಷಧಿ ದುಬಾರಿಯಾದಷ್ಟೂ ಬೆಳೆಯುವ ಪಾಲಿನಿಂದ ಬರುತ್ತದೆಯೋ?

ಕಚೇರಿ ಮುಂದೆ ಮರದ ಕೆಳಗೆ ಕೂತವನಿಗೂ ನಾವು ಕೇಳುವುದು ಇದನ್ನೇ ತಾನೇ. ಅವನು ಎಷ್ಟು ಭಾಷೆ ಬಲ್ಲ ಎಂಬುದಕ್ಕಿಂತ, ಒಳಗೆ ಹೋದಾಗ ಯಾರ ಪರವಾಗಿ ಮಾತಾಡುತ್ತಾನೆ ಎಂಬುದು ಮುಖ್ಯ.